ಮೊಮ್ಮಗಳ ಸೀಟನ್ನು ತಟ್ಟಿ ನೋಡಿದ್ದು

ಚಿತ್ತಾಪುರದ ರೋಡ್ ಹಂಪಿನ ಹತ್ತಿರ ಹಿಂದಿನಿಂದ ಬಂದ ಟಂಟಂ ಆಟೋ ನಮ್ಮ ಕಾರಿಗೆ ಗುದ್ದಿದಾಗ, ಒಳಗಿದ್ದ ನಾಲ್ಕು ಜನ ದೊಡ್ಡವರು ಒಟ್ಟಿಗೆ "ಯವ್ವಾ!" ಎಂದೆವು. ಎರಡೂವರೆ ವರ್ಷದ ಮೊಮ್ಮಗಳು ಮಾತ್ರ ತನ್ನ ಪುಟ್ಟ ಸೀಟಿನಲ್ಲಿ ಬೆಲ್ಟು ಬಿಗಿಸಿಕೊಂಡು ಕೂತಲ್ಲೇ ಚಪ್ಪಾಳೆ ತಟ್ಟಿ, "ಮುತ್ಯಾ, ಇನ್ನೊಮ್ಮಿ!" ಎಂದಳು.

ಮಗಳ ಮದುವೆಯಾಗಿ ಎಂಟು ವರ್ಷಕ್ಕೆ ಹುಟ್ಟಿದ ಕೂಸು ಅದು. ಅವಳು ಆಕಳಿಸಿದರೂ ನಾನು ನಾಲ್ಕು ಮನೆಗೆ ಹೋಗಿ ಹೇಳಿ ಬರುತ್ತೇನೆ. ಸೇಡಂನಲ್ಲಿರುವ ಮಗಳ ಮನೆಗೆ ಹೋಗಿದ್ದ ನಮ್ಮಿಬ್ಬರನ್ನು ರಾವೂರಿಗೆ ಬಿಡಲು ಅವರೆಲ್ಲ ಹೊರಟಿದ್ದರು. ದಾರಿಯಲ್ಲಿ ಹೀಗಾಯಿತು.

ರಾವೂರಿನ ಮನೆ ಮುಟ್ಟಿ ನೋಡಿದರೆ ಬಂಪರ್ ಸ್ವಲ್ಪ ಒಳಗೆ ಹೋಗಿತ್ತು, ಒಂದು ದೀಪ ಒಡೆದಿತ್ತು. ಮಗುವಿನ ಸೀಟಿಗೆ ಒಂದು ಗೀರೂ ಇಲ್ಲ. ಆದರೂ ಮಗಳು ಸೀಟಿನ ಜೊತೆ ಬಂದು ಕಾರಿನಲ್ಲೇ ಇದ್ದ ಪುಸ್ತಕ ತೆಗೆದು ಕೂತಳು. ಗುದ್ದಿದ್ದು ಎಷ್ಟೇ ಸಣ್ಣದಿರಲಿ, ಆಮೇಲೆ ಆ ಸೀಟು ಬಳಸಬಾರದು ಎಂದು ಅದರಲ್ಲಿದೆಯಂತೆ. ಅಳಿಯ ಫೋನಿನಲ್ಲಿ ಬೇರೆಯದನ್ನೇ ಹುಡುಕಿದ್ದ. ಯಾರಿಗೂ ಪೆಟ್ಟಾಗಿಲ್ಲ, ಕಾರು ನಡೆಯುತ್ತದೆ, ಸೀಟಿನ ಮೇಲೆ ಬಿರುಕು ಕಾಣುವುದಿಲ್ಲ ಎಂದರೆ ಅದನ್ನೇ ಬಳಸಬಹುದಂತೆ. ಗಂಡ ಹೆಂಡತಿ ಇಬ್ಬರೂ ತಿರುಗಿ ನನ್ನ ಮುಖ ನೋಡಿದರು.

ನನ್ನ ಶಾಲೆ ನಾಲ್ಕನೇ ಕ್ಲಾಸಿಗೇ ಮುಗಿಯಿತು. ಆದರೆ ಗಣಿಯಲ್ಲಿ ಮೂವತ್ತು ವರ್ಷ, ನೆಲಕ್ಕೂ ಮಾಳಿಗೆಗೂ ಹಾಸುವ ಫರ್ಶಿ ಕಲ್ಲು ಎಬ್ಬಿಸಿದ್ದೇನೆ. ಕಣ್ಣಿಗೆ ಕಾಣದ ಬಿರುಕನ್ನು ಕಿವಿಯಿಂದ ಹಿಡಿಯುವುದು ನಮ್ಮ ಕಸುಬು. ತಟ್ಟಿದರೆ ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಒಳಗೆ ಒಡೆದದ್ದು ಡಬ್ ಎನ್ನುತ್ತದೆ. ಸೀಟನ್ನು ಪಡಸಾಲೆಗೆ ತರಿಸಿ, ಮೇಲಿನ ಬಟ್ಟೆ ಬಿಚ್ಚಿಸಿ, ಸಣ್ಣ ಸುತ್ತಿಗೆ ಹಿಡಿದು ಕೂತೆ.

"ಏನ್ ಮಾಡ್ಲಿಕತ್ತೀರಿ? ಟಂಟಂ ಗುದ್ದಿದ್ದು ಸಾಲಲಿಲ್ಲೇನು?" ಎಂದಳು ನನ್ನ ಹೆಂಡತಿ.

ಸುತ್ತಿಗೆ ಕೆಳಗಿಟ್ಟು ಬೆರಳಿನ ಗೆಣ್ಣಿನಿಂದ ತಟ್ಟಿದೆ. ಡಬ್. ಬೆನ್ನಿನ ಕಡೆ ತಟ್ಟಿದೆ. ಡಬ್. ಮೊಮ್ಮಗಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನನ್ನಂತೆಯೇ ಕಿವಿ ಆನಿಸಿ, ಎಲ್ಲರಿಗೂ "ದಬ್" ಎಂದು ಸುದ್ದಿ ಕೊಟ್ಟಳು.

"ಒಡದದ. ಪೂರಾ ಒಡದದ. ಒಗೀರಿ ಅತ್ಲಾಗ," ಎಂದೆ.

ಅಳಿಯ ಬಚ್ಚಲಿನಿಂದ ಪ್ಲಾಸ್ಟಿಕ್ ಬಕೆಟ್ ತಂದು ಮುಂದಿಟ್ಟ. "ಮಾವಾರ, ಇದನ್ನೂ ಒಂದೀಟು ತಟ್ಟಿ ನೋಡ್ರಿ."

ತಟ್ಟಿದೆ. ಡಬ್.

"ಮೊನ್ನೆ ತಂದ ಬಕೀಟ ಅದು," ಎಂದಳು ಹೆಂಡತಿ. "ಹಂಗೇ ನಿಮ್ಮ ತಲಿನೂ ಒಂದೀಟು ತಟ್ಟಿ ನೋಡ್ಕೊಳ್ರಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಅಳಿಯ ಕೇಳಿದ, "ಹಂಗಾದ್ರ ಸೀಟು ಚಲೋ ಅದ ಅಂತೀರೇನ್ರಿ?"

ಸೀಟನ್ನು ಇನ್ನೊಮ್ಮೆ ತಟ್ಟಿದೆ. ಅದೇ ಡಬ್. ಗಣಿಯಲ್ಲೂ ಕೆಲವು ಸಲ ಕಿವಿಗೆ ತೀರ್ಮಾನ ಸಿಗುತ್ತಿರಲಿಲ್ಲ. ಅಂಥ ಕಲ್ಲನ್ನು ನಾವು ಮಾಳಿಗೆಗೆ ಕೊಡುತ್ತಿರಲಿಲ್ಲ, ಅದರ ಕೆಳಗೆ ಜನ ಮಲಗುತ್ತಾರೆ. ಅಂಗಳಕ್ಕೆ ಹಾಸಿದರೆ ಒಡೆದರೂ ಕೆಳಗೆ ನೆಲವಿದೆ. ಕಾರು ಓಡುವಾಗ ಈ ಕೂಸಿನ ಕೆಳಗೆ ಏನಿದೆ?

"ನನಗ ಗೊತ್ತಾಗಲಿಲ್ಲಪ್ಪಾ," ಎಂದೆ. "ಗೊತ್ತಾಗದ್ದರ ಮ್ಯಾಲ ಕೂಸಿನ್ನ ಕೂಡಸೋದು ಬ್ಯಾಡ. ಮಾಡಿದವ್ರೇ ಬ್ಯಾಡ ಅಂತ ಬರದಾರಂದ್ರ ಅವರ ಮಾತು ಕೇಳ್ರಿ."

"ಆತ್ರಿ," ಎಂದ ಅಳಿಯ.

ಮಗಳು ಪುಸ್ತಕ ಮಡಚಿದಳು. "ನಾ ಓದಿ ಹೇಳಿದ್ರ ಯಾರೂ ಕೇಳಲಿಲ್ಲ ನೋಡಪ್ಪಾ. ಬಕೀಟ ಹೇಳಿದ ಮ್ಯಾಲ ಕೇಳಿದ್ರಿ."

ಹೆಂಡತಿಗೆ ಹಳೆಯ ಸೀಟು ಒಗೆಯಲು ಮನಸ್ಸಿಲ್ಲ. "ಶಹಾಬಾದದಾಗ ನಮ್ಮ ತಂಗಿ ಮೊಮ್ಮಗಗ ಕೊಡೋಣ್ರಿ."

"ಆ ಕೂಸಿನ ಮ್ಯಾಲ ನಿನಗೇನು ಸಿಟ್ಟು?" ಎಂದೆ. ಇನ್ಯಾರೂ ಅದನ್ನು ಕಾರಿಗೆ ಕಟ್ಟಬಾರದೆಂದು ಚಾಕು ತಂದು ಬೆಲ್ಟುಗಳನ್ನು ನಾನೇ ಕತ್ತರಿಸಿದೆ. ಮೊಮ್ಮಗಳು ಸೊಂಟಕ್ಕೆ ಕೈ ಇಟ್ಟು, "ಮುತ್ಯಾ, ನನ್ನ ಕುರ್ಚಿ!" ಎಂದು ಗದರಿದಳು. ಗಣಿಯ ಮಾಲೀಕರು ಬೈದಾಗಲೂ ನಾನು ಅಷ್ಟು ಹೆದರಿದವನಲ್ಲ.

ಕೊನೆಯ ಬೆಲ್ಟು ಕತ್ತರಿಸಿದ ಮೇಲೆ ಎಲ್ಲರಿಗೂ ಹೊಳೆಯಿತು: ಹೊಸ ಸೀಟು ಬರುವ ತನಕ ಕೂಸು ಕಾರಿನಲ್ಲಿ ಹೋಗುವಂತಿಲ್ಲ. ಟೀಚರಾಗಿರುವ ಮಗಳಿಗೆ ಶಾಲೆಯ ರಜೆ ಇತ್ತು. ತಾಯಿ ಮಗಳು ರಾವೂರಿನಲ್ಲೇ ಉಳಿದರು, ಅಳಿಯ ಒಬ್ಬನೇ ಸೇಡಂಗೆ ಹೋದ.

"ಹಿಂಗಂತ ಗೊತ್ತಿದ್ದೇ ಚಾಕು ಹಿಡದ್ರೇನು?" ಎಂದಳು ಹೆಂಡತಿ. ಖರೇ ಹೇಳುತ್ತೇನೆ, ಗೊತ್ತಿರಲಿಲ್ಲ. ಗೊತ್ತಿದ್ದರೆ ಇನ್ನೂ ಬೇಗ ಕತ್ತರಿಸುತ್ತಿದ್ದೆ.

ಐದು ದಿನ ಮನೆ ತುಂಬ ಮೊಮ್ಮಗಳದೇ ದರಬಾರು. ಆರನೆಯ ದಿನ ಬೆಳಿಗ್ಗೆ ಅಳಿಯನ ಫೋನು ಬಂತು, ಹೊಸ ಸೀಟು ಬಂದಿದೆ, ಈಗಲೇ ಹೊರಡುತ್ತೇನೆ ಎಂದ.

"ಭಾಳ ಚಲೋ ಆತು," ಎಂದೆ. "ಆದ್ರ ಪುಸ್ತಕ ಪೂರಾ ಓದಿ, ಗಟ್ಟಿಯಾಗಿ ಕಟ್ಟಿಕೊಂಡು ನಿಧಾನ ಬರ್ರಿ. ನಾಳೆ ಬಂದ್ರೂ ನಡೀತದ."