ಹಾಲುಬೆಂಡೆಗೆ ಪೂವಮ್ಮನ ಕಾವಲು

ಬೆಳಗಿನ ಆರು ಗಂಟೆ. ಸುಳ್ಯದ ಪೂವಮ್ಮ ತಲೆಗೆ ಟವೆಲ್ ಸುತ್ತಿಕೊಂಡು ಬಿಳಿ ಕಾಯಿ ಬಿಡುವ ನಾಟಿ ಹಾಲುಬೆಂಡೆಯ ಸಾಲಿನಲ್ಲಿ ಬಗ್ಗಿ ನಿಂತಿದ್ದಾರೆ. ಬಾಯಲ್ಲಿ ನೂಲಿನ ತುಂಡುಗಳು. ಇವತ್ತು ಅರಳಬೇಕಾದ ಮೊಗ್ಗು ಕಂಡರೆ ತುದಿಗೊಂದು ಗಂಟು. ಹೂವು ಬಾಯಿ ಬಿಡುವಂತಿಲ್ಲ, ಒಳಗೊಳಗೇ ಕಾಯಿ ಕಟ್ಟಬೇಕು.

"ಜೇನು ಏಳುವ ಮೊದಲು ಕಟ್ಟಿ ಆಗ್ಬೇಕು ಮಾರಾಯ್ರೆ. ಅದು ಯಾರ ತೋಟದ ಎಂತ ಹೂವಿನ ಹುಡಿ ಹೊತ್ತು ತರ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ." ಬಾಯಲ್ಲಿ ನೂಲಿದ್ದರೂ ಮಾತಿಗೆ ಬಿಡುವಿಲ್ಲ.

ಅರುವತ್ತಮೂರರ ಪೂವಮ್ಮನ ಅಡುಗೆಮನೆಯಲ್ಲಿ ಇಪ್ಪತ್ತಾರು ಬಗೆಯ ತರಕಾರಿ ಬೀಜಗಳಿವೆ. ಹೆಚ್ಚಿನವು ಬೂದಿ ಬೆರೆಸಿದ ಬಾಟಲಿಗಳಲ್ಲಿ. ಸೌತೆ ಬೀಜ ಮಾತ್ರ ಸೆಗಣಿಯ ಜೊತೆ ಗೋಡೆಗೆ ಅಂಟಿಕೊಂಡಿದೆ. ಮಾರಾಟವಿಲ್ಲ. ಕೇಳಿದವರಿಗೆ ಒಂದು ಹಿಡಿ ಕೊಡುತ್ತಾರೆ, ಮುಂದಿನ ವರ್ಷ ಅವರು ಒಂದು ಹಿಡಿ ತಂದುಕೊಡಬೇಕು.

ಇಷ್ಟು ಜೋಪಾನ ಮಾಡುವವರಿಗೂ ಏಟು ಬಿದ್ದದ್ದು ಮನೆಯೊಳಗಿನಿಂದಲೇ. ಕಳೆದ ವರ್ಷ ಪೂವಮ್ಮ ಮಗಳ ಬಾಣಂತನಕ್ಕೆಂದು ಪುತ್ತೂರಿಗೆ ಹೋಗಿದ್ದಾಗ ಗಂಡ ಕೂಸಪ್ಪ ಪೇಟೆಯ ಹೈಬ್ರಿಡ್ ಬೆಂಡೆ ತಂದು ಹಾಲುಬೆಂಡೆಯ ಪಕ್ಕದಲ್ಲೇ ಬಿತ್ತಿಬಿಟ್ಟರು. ಮೊಗ್ಗು ಕಟ್ಟುವವರಿಲ್ಲ, ಜೇನಿಗೆ ಹಬ್ಬ. ಆ ಬೀಜದಿಂದ ಈ ಸಲ ಎದ್ದ ನಲವತ್ತೊಂದು ಗಿಡಗಳಲ್ಲಿ ಮೂವತ್ತೆರಡು ಹಸಿರು ಕಾಯಿ ಬಿಟ್ಟವು. ಎಂಟು ಏಣಿನ ಬಿಳಿ ಕಾಯಿ ಬಿಟ್ಟದ್ದು ಒಂಬತ್ತೇ.

"ಬೆಂಡೆ ಪಕ್ಕ ಬೆಂಡೆ ಇದ್ರೆ ಎಂತ ಆಗ್ತದೆ ಅಂತ ಎಣಿಸಿದೆ" ಎಂದು ಕೂಸಪ್ಪ ತಲೆ ಕೆರೆದುಕೊಳ್ಳುತ್ತಾರೆ. ಪೂವಮ್ಮ ಬೈಯಲಿಲ್ಲ. ಕಾಯಿ ಹಿಡಿದಿದ್ದ ಮೂವತ್ತೆರಡು ಗಿಡಗಳನ್ನೂ ಅವರ ಕೈಯಿಂದಲೇ ಕೀಳಿಸಿದರು! ಆಮೇಲೆ ಒಳಗೆ ಹೋಗಿ ಅತ್ತದ್ದೂ ಹೌದು. "ಅತ್ತೆ ಕೊಟ್ಟ ಬೀಜ. ನನ್ನ ಕಾಲಕ್ಕೆ ಮುಗಿದ್ರೆ ಹೇಗೆ?"

ಉಳಿದ ಒಂಬತ್ತು ಗಿಡಗಳ ಕಾಯಿಯೆಲ್ಲ ಈಗ ಬೀಜಕ್ಕೇ ಮೀಸಲು. ನಿನ್ನೆ ಕೊಯಿಲದ ನುಸ್ರತ್ ಹಾಲುಬೆಂಡೆ ಬೀಜ ಕೇಳಿಕೊಂಡು ಬಂದಿದ್ದರು. "ಬರುವ ವರ್ಷ ಮೊದಲ ಹಿಡಿ ನಿಂಗೇ" ಎಂದು ಅಲಸಂಡೆ ಬೀಜ ಕೊಟ್ಟು ಕಳುಹಿಸಿದ್ದಾರೆ. ಕೂಸಪ್ಪ ಈಗ ನೂಲು ಕತ್ತರಿಸಿಕೊಡುವ ಕೆಲಸಕ್ಕೆ ಬಡ್ತಿ ಪಡೆದಿದ್ದಾರೆ.

ಏನಾದರೂ ಆಸೆ ಇದೆಯೇ ಎಂದರೆ ಪೂವಮ್ಮ ನಾಚುತ್ತಾರೆ.

"ಎರಡು ವರ್ಷ ಆಯ್ತು, ನಮ್ಮ ಹಾಲುಬೆಂಡೆ ನಾನು ಬಾಯಿಗೆ ಹಾಕ್ಲಿಲ್ಲ. ಬೀಜ ಬೇಕಾದಷ್ಟು ಆದ್ಮೇಲೆ ಒಂದು ದಿನ ಪದಾರ್ಥ ಮಾಡಿ ಹೊಟ್ಟೆ ತುಂಬ ಉಣ್ಬೇಕು. ಇವರಿಗೆ ಬಡಿಸುದು ಆಮೇಲೆ!"