ಬೂಟು ಬಿಚ್ಚಿ ಮಾಡಿದ ಆಣೆ

ಪ್ರಜಾಪ್ರಭುತ್ವ ನಿಂತಿರುವುದು ಕಾನೂನಿನ ಮೇಲಲ್ಲ, ಮನುಷ್ಯರು ಒಬ್ಬರನ್ನೊಬ್ಬರು ನಂಬುವುದರ ಮೇಲೆ. ಈ ಘನವಾದ ವಾಕ್ಯವನ್ನು ನಮ್ಮ ಸಂಶೋಧನಾ ಯೋಜನೆಯ ಪ್ರಸ್ತಾವನೆಗೆಂದು ಬರೆದು ಮುಗಿಸಿ, ಚಹಾ ಕುಡಿಯಲು ಎದ್ದಾಗ ಪೆನ್ನನ್ನು ಕಿಸೆಗೆ ಸಿಕ್ಕಿಸಿಕೊಂಡೇ ಹೋದೆ. ವಿಶ್ವವಿದ್ಯಾಲಯದ ನಮ್ಮ ವಿಭಾಗದಲ್ಲಿ ಮೇಜಿನ ಮೇಲೆ ಬಿಟ್ಟ ಪೆನ್ನು ಅದರ ಒಡೆಯನಿಗೆ ಮರಳಿ ಸಿಕ್ಕ ಉದಾಹರಣೆ ಇರಲಿಲ್ಲ.

ಯೋಜನೆಯ ವಿಷಯ ಚುನಾವಣೆಗಳ ಪ್ರಾಮಾಣಿಕತೆ. ಮತದಾರರ ಮೇಲೆ ಯಾರು, ಹೇಗೆ ಒತ್ತಡ ಹಾಕುತ್ತಾರೆಂದು ಊರೂರಿಗೆ ಹೋಗಿ ಕೇಳಿ ತಿಳಿಯಬೇಕು. ಅದನ್ನು ನಡೆಸುವ ಹೊಣೆ ನನ್ನದು. ಸಹಸಂಶೋಧಕ ನನ್ನ ಗೆಳೆಯ, ರಾಣೆಬೆನ್ನೂರಿನವನು. ಹಾಸ್ಟೆಲಿನಲ್ಲಿ ನಮ್ಮದು ಒಂದೇ ಕೋಣೆ, ನೌಕರಿ ಸೇರಿದ ಮೇಲೆ ಒಂದೇ ವಿಭಾಗ. ನನ್ನ ಮದುವೆಯ ಫೋಟೋಗಳಲ್ಲಿ ಅವನು ನನಗಿಂತ ಸ್ಪಷ್ಟವಾಗಿ ಬಿದ್ದಿದ್ದಾನೆ.

ಹಾವೇರಿಯಲ್ಲಿ ಏಲಕ್ಕಿ ಹಾರ ಕಟ್ಟುವವರ ಅಂಗಡಿಯ ಮೇಲಿನ ಕೋಣೆ ನಮ್ಮ ಕಚೇರಿಯಾಯಿತು. ಕೆಳಗೆ ಎಲ್ಲ ಪಕ್ಷದವರೂ ಬಂದು ಗೆಲುವಿನ ಹಾರಕ್ಕೆ ಮುಂಚಿತವಾಗಿಯೇ ಹೇಳಿ ಹೋಗುತ್ತಿದ್ದರು. ಮೇಲೆ ನಾವು, ಫಲಿತಾಂಶವನ್ನು ಮೊದಲೇ ಹೇಳಲಾಗದು ಎಂಬ ವೈಜ್ಞಾನಿಕ ನಿಲುವು ತಳೆದು, ಫ್ಯಾನಿನ ಕೆಳಗೆ ಕುಳಿತಿರುತ್ತಿದ್ದೆವು.

ಪುರಸಭೆ ಚುನಾವಣೆಗೆ ಇನ್ನೂ ಕೆಲವು ತಿಂಗಳಿದ್ದಾಗ ಬ್ಯಾಡಗಿಗೆ ಹೋದೆ. ದಲಾಲಿ ಅಂಗಡಿಯೊಂದರ ಹಿಂದಿನ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರು ಕುಳಿತಿದ್ದರು. ಎಲ್ಲರೂ ಒಂದೇ ಓಣಿಯವರು. ಆ ಕೆಂಪು ರಾಶಿಗಳ ನಡುವೆ ನಾನು ಪ್ರಶ್ನಾವಳಿ ಬಿಚ್ಚಿದೆ. "ಚುನಾವಣೆಯಲ್ಲಿ ನಿಮ್ಮ ಮೇಲೆ" ಎನ್ನುವಷ್ಟರಲ್ಲಿ ಒಂದು ಸೀನು ಬಂತು, "ಯಾರಾದರೂ ಒತ್ತಡ" ಎನ್ನುವಷ್ಟರಲ್ಲಿ ಮೂರು.

"ನಮಗ ಯಾರದೂ ಒತ್ತಡ ಇಲ್ರಿ ಸರ್ರ. ಸದ್ಯಕ್ಕ ನಿಮಗ ಐತಿ, ನೋಡ್ರಿ," ಎಂದರು ಅವರಲ್ಲಿ ಹಿರಿಯರಾದ ಒಬ್ಬರು. ಇಡೀ ಅಂಗಳ ಅವರನ್ನು ಅಕ್ಕ ಎನ್ನುತ್ತಿತ್ತು. ನಾನೂ ಹಾಗೇ ಅಂದೆ.

"ನೀವು ಹೇಳಿದ್ದು ಗುಪ್ತ ಇರ್ತೈತಿ ಅಕ್ಕಾರ. ಇಲ್ಲಿ ಬರದೈತಿ."

"ಬರದಿದ್ದು ಭಾಳ ನೋಡೇವ್ರಿ. ಭಂಡಾರ ಮುಟ್ಟಿ ಆಣಿ ಮಾಡ್ರಿ. ನಿಮ್ಮ ಜೋಡಿ ಕೆಲಸ ಮಾಡೋರನ್ನ ಬಿಟ್ಟು ಹೊರಗ ಯಾರ ಮುಂದೂ ಬಾಯಿ ಬಿಡಂಗಿಲ್ಲ ಅನ್ರಿ."

ವಿಶ್ವವಿದ್ಯಾಲಯದ ನೈತಿಕ ಸಮಿತಿ ಈ ವಿಧಾನವನ್ನು ಊಹಿಸಿರಲಿಲ್ಲ. ಭಂಡಾರ, ಅಂದರೆ ದೇವರ ಅರಿಸಿನ ಪುಡಿ, ಅಕ್ಕನ ಸೆರಗಿನ ಗಂಟಿನಲ್ಲೇ ಇತ್ತು. ನಾನು ಕೈ ಚಾಚಿದೆ.

"ಬೂಟು ಬಿಚ್ರಿ ಮೊದ್ಲ."

"ಅದ್ಯಾಕ್ರಿ?"

ಅಂಗಳಕ್ಕೆ ಅಂಗಳವೇ ಸೆರಗು ಬಾಯಿಗಿಟ್ಟುಕೊಂಡು ನಕ್ಕಿತು. ಬೂಟು ಬಿಚ್ಚಿದೆ, ಕಾಲಚೀಲವನ್ನೂ ಬಿಚ್ಚಿದೆ, ಭಂಡಾರ ಮುಟ್ಟಿ ಆಣೆ ಮಾಡಿದೆ. ಆಮೇಲೆ ಅಕ್ಕ ವಿಷಯಕ್ಕೆ ಬಂದರು.

ಚುನಾವಣೆ ಹತ್ತಿರವಾದಾಗ ಪಕ್ಷದವರು ಮನೆಮನೆಗೆ ಸೀರೆ ಕೊಟ್ಟು, ಭಂಡಾರ ಮುಟ್ಟಿಸಿ, ತಮ್ಮ ಗುರುತಿಗೇ ಒತ್ತುತ್ತೇವೆಂದು ಆಣೆ ಮಾಡಿಸುತ್ತಿದ್ದರು. ಆ ಓಣಿಯಲ್ಲಿ ಆಣೆಗೆ ತಪ್ಪುವವರು ಯಾರೂ ಇಲ್ಲ. ಆದರೆ ಚಪ್ಪಲಿ ಮೆಟ್ಟಿ ನಿಂತು ಮಾಡಿದ ಆಣೆ ದೇವರಿಗೆ ಮುಟ್ಟುವುದೇ ಇಲ್ಲ ಎಂಬುದು ಅವರ ಅಜ್ಜಿಯರ ಕಾಲದಿಂದ ಬಂದ ನಂಬಿಕೆ. ಹೀಗಾಗಿ ಪಕ್ಷದವರು ಬರುವ ದಿನ ಇಡೀ ಓಣಿ ಚಪ್ಪಲಿ ಮೆಟ್ಟಿ, ಸೀರೆಯ ಅಂಚನ್ನು ನೆಲಕ್ಕೆ ತಾಗುವ ಹಾಗೆ ಇಳಿಬಿಟ್ಟು, ಭಕ್ತಿಯಿಂದ ಬಾಗಿಲಲ್ಲಿ ನಿಂತಿರುತ್ತಿತ್ತು. ಸೀರೆ ಅವರದು, ಮತ ತಮಗೆ ಬೇಕಾದವರಿಗೆ.

"ಚಪ್ಪಲಿ ಮೆಟ್ಟಿ ಭಂಡಾರ ಮುಟ್ಟೋದು ತಪ್ಪಲ್ಲೇನ್ರಿ?" ಎಂದೆ.

"ತಪ್ಪ ಐತ್ರಿ. ಅದಕ್ಕ ಓಟು ಹಾಕಿ ಬಂದು ಒಂದು ಕಾಯಿ ಒಡಸ್ತೀವಿ. ದೇವ್ರ ಜೋಡಿ ನಮ್ಮದು ಹೊಂದಾಣಿಕಿ ಐತಿ." ಅಕ್ಕ ಪಕ್ಕದಲ್ಲಿದ್ದ ನಡುವಯಸ್ಸಿನ ಹೆಂಗಸಿನ ಬೆನ್ನು ತಟ್ಟಿದರು. "ಈ ಸಲ ನಮ್ಮ ಓಣಿಯಿಂದ ಈಕೀನ ನಿಲ್ಲಸ್ತೀವ್ರಿ. ಆಣಿ ಯಾರರ ಮಾಡಿಸ್ಕೊಳ್ಲಿ, ಓಟು ಈಕಿಗೆ." ಆ ಹೆಂಗಸು ತಲೆ ಎತ್ತಲಿಲ್ಲ. ತೊಟ್ಟು ಮುರಿಯುವ ಕೈ ಮಾತ್ರ ಚುರುಕಾಯಿತು.

ಇದನ್ನು ನಾನು ಹೇಳಿದ್ದು ಒಬ್ಬನಿಗೆ. ಆಣೆಯ ಪ್ರಕಾರವೂ ಯೋಜನೆಯ ಪ್ರಕಾರವೂ ಹೇಳಬಹುದಾಗಿದ್ದವನಿಗೆ. ರಾಣೆಬೆನ್ನೂರಿನ ಅವನ ಮನೆಯಲ್ಲಿ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಕುಳಿತಿದ್ದೆವು. ಕಣ್ಣಲ್ಲಿ ನೀರು ಬರುವ ತನಕ ನಕ್ಕ. ನಕ್ಕು ಮುಗಿದ ಮೇಲೆ ಗಂಭೀರನಾಗಿ, "ಇದನ್ನ ಮಾತ್ರ ವರದಿಯೊಳಗ ಹಾಕಬ್ಯಾಡ ದೋಸ್ತ," ಎಂದ. ಬಡ ಹೆಂಗಸರ ಬಗ್ಗೆ ಅವನಿಗಿದ್ದ ಈ ಸೂಕ್ಷ್ಮಕ್ಕೆ ನಾನು ಮನಸೋತೆ. ವರದಿಯಲ್ಲಿ ಚಪ್ಪಲಿ ಎಂಬ ಪದವೇ ಬರದ ಹಾಗೆ ನೋಡಿಕೊಂಡೆ. ಆ ಓಣಿಯಿದ್ದ ವಾರ್ಡಿಗೇ ಅವನ ಬೀಗರು, ಬ್ಯಾಡಗಿಯ ದೊಡ್ಡ ವ್ಯಾಪಾರಸ್ಥರು, ನಿಲ್ಲುತ್ತಾರೆಂದು ಆಮೇಲೆ ಗೊತ್ತಾದಾಗ ಅವನೇ ನನಗೆ ಧೈರ್ಯ ಹೇಳಿದ್ದ: "ಸಂಶೋಧನಾ ಬ್ಯಾರೆ, ಬೀಗತನ ಬ್ಯಾರೆ." ಇಂಥ ಸ್ಪಷ್ಟ ವಿಂಗಡಣೆ ಪಠ್ಯಪುಸ್ತಕಗಳಲ್ಲೂ ಸಿಗುವುದಿಲ್ಲ.

ಮತದಾನಕ್ಕೆ ಮುಂಚೆ, ಆಣೆ ಮಾಡಿಸುವುದನ್ನು ಕಣ್ಣಾರೆ ನೋಡಲು ಆ ಓಣಿಯಲ್ಲಿ ಹೋಗಿ ನಿಂತೆ. ಹೆಂಗಸರು ಸೀರೆ ಇಳಿಬಿಟ್ಟು ಸಾಲಾಗಿ ನಿಂತಿದ್ದರು. ಅಕ್ಕ ನನ್ನನ್ನು ನೋಡಿ ಕಣ್ಣಲ್ಲೇ ನಕ್ಕರು. ಬೀಗರ ಕಡೆಯವರ ಆಟೋ ಬಂತು, ಸೀರೆಯ ಗಂಟು ಇಳಿಯಿತು, ಭಂಡಾರದ ತಟ್ಟೆ ಇಳಿಯಿತು. ತಟ್ಟೆ ಹಿಡಿದವನು ಬಹಳ ಮರ್ಯಾದೆಯಿಂದ ಕೈ ಮುಗಿದ.

"ಅಕ್ಕಾರ, ಎಲ್ಲಾರೂ ಚಪ್ಪಲಿ ಬಿಟ್ಟು ಬರ್ರಿ. ಸೀರಿ ಒಂದೀಟು ಮ್ಯಾಲೆ ಹಿಡೀರಿ, ಪಾದ ಕಾಣ್ಲಿ."

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಕ್ಕ ಮಾತ್ರ ನನ್ನ ಕಡೆ ತಿರುಗಿದರು. ಮುಖವನ್ನಲ್ಲ, ನನ್ನ ಬೂಟುಗಳನ್ನು ನೋಡಿದರು.

"ಸರ್ರ, ಅವತ್ತ ನೀವು ಬೂಟು ಬಿಚ್ಚಿದ್ರಿ. ಕಾಲಚೀಲ ಬಿಚ್ಚಿದ್ರೋ ಇಲ್ಲೋ, ನಾವು ನೋಡಲಿಲ್ಲ."

ಬಿಚ್ಚಿದ್ದೆ. ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟರು. ಅಭ್ಯರ್ಥಿಯಾಗಿದ್ದ ಆ ಓಣಿಯ ಹೆಂಗಸು ತನ್ನ ಬಾಗಿಲಲ್ಲೇ ನಿಂತು, ತನ್ನ ಮತಗಳು ಒಂದೊಂದಾಗಿ ಬರಿಗಾಲಲ್ಲಿ ನಡೆದು ಹೋಗುವುದನ್ನು ನೋಡಿದಳು.

ಅಲ್ಲಿಂದ ನೇರ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಅವನು ಜೋಕಾಲಿಯ ಮೇಲೆ ಕುಳಿತು ಪೇಪರ್ ಓದುತ್ತಿದ್ದ.

"ಬಾರಲೇ, ಕುಂದ್ರು. ಮುಖ ಯಾಕ ಹಂಗೈತಿ?"

"ಚಪ್ಪಲಿ ವಿಷಯ ಯಾರ ಮುಂದ ಹೇಳೀದಿ?"

"ಬೀಗರ ಮುಂದ," ಎಂದ, ಜೋಕಾಲಿ ನಿಲ್ಲಿಸದೆ. "ಮತ್ಯಾರ ಮುಂದ ಹೇಳ್ಲಿ?"

"ವರದಿಯೊಳಗ ಹಾಕಬ್ಯಾಡ ಅಂತ ನೀನ ಅಂದಿದ್ದೆಲ್ಲೋ!"

"ಹೌದು ಮತ್ತ. ಹಾಕಿದ್ದರ ಎದುರಿನ ಪಾರ್ಟಿಯವರೂ ಓದತಿದ್ರು."

"ನಾ ಆಣಿ ಮಾಡೇನಿ," ಎಂದೆ.

"ನೀ ಮಾಡೀದಿ. ನಾ ಎಲ್ಲಿ ಮಾಡೇನಿ? ಮಗಳನ್ನ ಕೊಟ್ಟ ಮನಿ ದೋಸ್ತ ಅದು. ನಿನಗ ಇರೋದು ಗಂಡುಹುಡುಗರಷ್ಟ, ತಿಳಿಯಂಗಿಲ್ಲ." ಆಮೇಲೆ ಒಳಗೆ ತಿರುಗಿ ಹೆಂಡತಿಗೆ ಕೂಗಿ ಹೇಳಿದ: "ಚಹಾ ತಗೊಂಡು ಬಾ. ಅವಂಗ ಸಕ್ಕರಿ ಕಡಿಮಿ ಇರ್ಲಿ."

ನನಗೆ ಸಕ್ಕರೆ ಕಡಿಮೆ ಬೇಕೆಂಬುದನ್ನಾದರೂ ಅವನು ಮರೆತಿದ್ದರೆ ಎದ್ದು ಬರುವುದು ಸುಲಭವಾಗುತ್ತಿತ್ತು. ಚಹಾ ಕುಡಿದೇ ಎದ್ದೆ. ನಾವಿಬ್ಬರೂ ಕೂಡಿ ಕುಡಿದ ಕೊನೆಯ ಚಹಾ ಅದು. ರುಚಿಯಲ್ಲಿ ಯಾವ ದೋಷವೂ ಇರಲಿಲ್ಲ.

ಅಷ್ಟರಲ್ಲಿ ಮೊದಲ ಹಂತದ ವರದಿಯನ್ನು ವಿಶ್ವವಿದ್ಯಾಲಯದ ಮೇಲಿನವರು ಮೆಚ್ಚಿಕೊಂಡರು. ಮತದಾರರ ಗೌಪ್ಯತೆಯನ್ನು ಕಾಪಾಡಿದ ರೀತಿ ಮಾದರಿಯಾಗಿದೆ ಎಂಬ ಒಂದು ಸಾಲೂ ಬಂತು. ಅದನ್ನು ಅವನು ನನಗೆ ಫೋನಿನಲ್ಲಿ ಕಳಿಸಿ, ಕೆಳಗೆ ಕೈ ಮುಗಿಯುವ ಚಿತ್ರ ಹಾಕಿದ್ದ.

ಮತ ಎಣಿಕೆಯ ದಿನ ನಾನು ಹಾವೇರಿಯ ಕಚೇರಿಯಲ್ಲಿದ್ದೆ. ಮಧ್ಯಾಹ್ನದ ಹೊತ್ತಿಗೆ ಬೀಗರ ಕಡೆಯವರು ಬಂದು ಕೆಳಗಿನ ಅಂಗಡಿಯಿಂದ ಏಲಕ್ಕಿ ಹಾರ ತೆಗೆದುಕೊಂಡು ಹೋದರು. ಓಣಿಯ ಹೆಂಗಸರು ಆಣೆಗೆ ತಪ್ಪಿರಲಿಲ್ಲ. ಬೀಗರು ಗೆದ್ದರು.