ಅತ್ತಿಗೆ ಕೇಳಿದ ಕಿಟಕಿ

ನಮ್ಮ ಅತ್ತಿಗೆ ಇಪ್ಪತ್ತೆರಡು ವರ್ಷ ಒಂದೇ ಕೋಣೆಯಲ್ಲಿ ದುಡಿದರು. ಅಂಗಿ, ಚೀಲ, ಟೋಪಿಗಳ ಮೇಲೆ ಅಕ್ಷರ, ಚಿತ್ರ ಅಚ್ಚು ಹಾಕುವ ಕಾರ್ಖಾನೆ ಅದು. ಅಚ್ಚು ಮುಗಿದ ಮೇಲೆ ಜಾಲರಿ ಬಿಗಿದ ಚೌಕಟ್ಟುಗಳು ಹಿಂದಿನ ಕೋಣೆಗೆ ಬರುತ್ತವೆ. ಅಲ್ಲಿ ಥಿನ್ನರ್ ಎಂಬ ಘಾಟು ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ ಬಣ್ಣ ಒರೆಸಿ ತೆಗೆಯಬೇಕು. ಆ ಕೋಣೆಗೆ ಬಾಗಿಲು ಒಂದೇ, ಕಿಟಕಿ ಇಲ್ಲ. ಹೊಸಬರು ಮೊದಲ ದಿನವೇ ತಲೆ ಹಿಡಿದುಕೊಂಡು ಹೊರಗೆ ಓಡುತ್ತಿದ್ದರು. ಅತ್ತಿಗೆ ಓಡಲಿಲ್ಲ. ಸಂಜೆ ಅವರಿಗಿಂತ ಮೊದಲು ಅವರ ವಾಸನೆ ಮನೆಯೊಳಗೆ ಬರುತ್ತಿತ್ತು. ನಮ್ಮಣ್ಣ ಬದುಕಿದ್ದಾಗ, ತಂಗಿಯಾದ ನನ್ನೆದುರೇ 'ನನ್ನ ಹೆಂಡತಿಯ ಹತ್ತಿರ ಯಾರೂ ಬೆಂಕಿಕಡ್ಡಿ ಗೀರಬೇಡಿ' ಎಂದು ಕಾಡಿಸುತ್ತಿದ್ದ.

ಚೌಕಟ್ಟು ಹಿಡಿಯಲು ಎರಡು ಕೈಯೂ ಬೇಕು. ಒದ್ದೆ ಬಟ್ಟೆಯನ್ನು ನೆಲದ ಮೇಲಿಟ್ಟರೆ ಮಣ್ಣಿನ ಕಣ ಅಂಟಿ ಜಾಲರಿ ಹರಿಯುತ್ತದೆ. ಹಾಗಾಗಿ ಆ ಕೋಣೆಯ ಹೆಂಗಸರೆಲ್ಲ ಬಟ್ಟೆಯನ್ನು ಅಂಗಿಯ ಕತ್ತಿನೊಳಗೆ, ಎಡಗಡೆ ಎದೆಗೆ ಒತ್ತಿ ಸಿಕ್ಕಿಸಿಕೊಳ್ಳುತ್ತಿದ್ದರು. ಬಲಗೈಗೆ ತಟ್ಟನೆ ಸಿಗುತ್ತದೆ. ಈ ಉಪಾಯ ಅತ್ತಿಗೆಯದೇ. ಅದರ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇತ್ತು.

ಎರಡು ವರ್ಷದ ಹಿಂದೆ ಅವರ ಎಡ ಎದೆಯಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು, ಕೂದಲು ಹೋಯಿತು, ನಿಲ್ಲುವ ತ್ರಾಣವೂ ಹೋಯಿತು. ಚಿಕಿತ್ಸೆ ನಡೆಯುತ್ತಿದ್ದುದು ಕಾರ್ಖಾನೆಯ ವಿಮೆ ಕಾರ್ಡಿನ ಮೇಲೆ. ಕೆಲಸ ಬಿಟ್ಟರೆ ಕಾರ್ಡು ರದ್ದು. ಮನೆಯವರೊಬ್ಬರು ಆ ಜಾಗಕ್ಕೆ ಬಂದರೆ ಕಾರ್ಡು ಮುಂದುವರಿಸುತ್ತೇವೆ ಎಂದರು ಕಾರ್ಖಾನೆಯವರು. ಹತ್ತೊಂಬತ್ತು ವರ್ಷದ ಮಗಳು, ನನ್ನ ಸೋದರಸೊಸೆ, ಓದು ಬಿಟ್ಟು ಅಮ್ಮನ ಜಾಗಕ್ಕೆ ಹೋದಳು. ಅತ್ತಿಗೆ ಹಾಸಿಗೆಯಲ್ಲಿ ಕೂತುಕೊಂಡೇ ಅವಳಿಗೆ ಕೆಲಸ ಹೇಳಿಕೊಟ್ಟರು, ಬಟ್ಟೆ ಎಲ್ಲಿ ಸಿಕ್ಕಿಸಿಕೊಳ್ಳಬೇಕೆಂಬುದನ್ನೂ.

ಒಮ್ಮೆ ಆಸ್ಪತ್ರೆಗೆ ನಾನು ಜೊತೆಯಲ್ಲಿ ಹೋಗಿದ್ದೆ. ಹೊಸ ಡಾಕ್ಟರಮ್ಮ ಒಬ್ಬರು, ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು. ಅಲ್ಲಿಯವರೆಗೆ ಒಬ್ಬರೂ ಕೇಳಿರಲಿಲ್ಲ. ಅತ್ತಿಗೆ ಉತ್ಸಾಹದಿಂದ ಕೈಯಾಡಿಸಿ ತೋರಿಸಿದರು. ಬಟ್ಟೆ ಸಿಕ್ಕಿಸುವ ಕಡೆಗೆ ಕೈ ಹೋದಾಗ ಅಲ್ಲಿ ಎದೆಯೇ ಇರಲಿಲ್ಲ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು.

"ಅದ್ರಿಂದ್ಲೇ ಬಂತು ಅಂತ ನಾನು ಹೇಳೋಕಾಗಲ್ಲಮ್ಮ. ಆದ್ರೆ ನನ್ನ ಮಗಳನ್ನ ಆ ಕೋಣೆಗೆ ನಾನು ಕಳಿಸ್ತಿರ್ಲಿಲ್ಲ."

ಮನೆ ಸೇರಿ ಅತ್ತಿಗೆ ಚಪ್ಪಲಿ ಬಿಡುತ್ತಾ, "ನಾನೇ ಹೇಳ್ಕೊಟ್ನಲ್ಲೇ" ಎಂದರು. ಮಗಳು ಮರುದಿನದಿಂದಲೇ ಬಟ್ಟೆ ಸಿಕ್ಕಿಸಿಕೊಳ್ಳುವುದು ಬಿಟ್ಟಳು. ಆದರೆ ಉಸಿರಾಡುವುದನ್ನು ಬಿಡಲಾಗುತ್ತದೆಯೇ?

ಅತ್ತಿಗೆ ಯಜಮಾನರ ಹತ್ತಿರ ಹೋಗಿ ಎರಡೇ ಎರಡು ಬೇಡಿಕೆ ಇಟ್ಟರು: ಕೋಣೆಗೆ ಒಂದು ಕಿಟಕಿ, ನೀರಿನಲ್ಲಿ ತೊಳೆದರೆ ಹೋಗುವ ಬಣ್ಣ. ಯಜಮಾನರು ಕೆಟ್ಟವರಲ್ಲ, ಕುರ್ಚಿ ಕೊಟ್ಟು ಕೂರಿಸಿದರು. ನೀರಿನ ಬಣ್ಣ ಒಣಗುವುದು ತಡ, ಸದ್ಯಕ್ಕೆ ದೊಡ್ಡ ಆರ್ಡರ್ ಇದೆ, ಮುಗಿಯಲಿ ನೋಡೋಣ ಎಂದರು. ಆರ್ಡರ್ ಯಾವುದು ಅಂತೀರಿ? ಸ್ತನ ಕ್ಯಾನ್ಸರ್ ಜಾಗೃತಿ ನಡಿಗೆಗೆ ಐದು ಸಾವಿರ ಅಂಗಿ. ಎದೆಯ ಮೇಲೆ ದಪ್ಪ ಗುಲಾಬಿ ಅಕ್ಷರದಲ್ಲಿ 'ಬೇಗ ಪತ್ತೆ ಹಚ್ಚಿ, ಜೀವ ಉಳಿಸಿ.' ಆ ಗುಲಾಬಿ ಬಣ್ಣ ಜಾಲರಿಯಿಂದ ಸುಲಭಕ್ಕೆ ಬಿಡುವುದಿಲ್ಲವಂತೆ, ಎರಡು ಪಟ್ಟು ಥಿನ್ನರ್ ಬೇಕಂತೆ. ಸೊಸೆ ಮೂರು ವಾರ ದಿನಾ ರಾತ್ರಿ ತಲೆನೋವೆಂದು ಊಟ ಬಿಟ್ಟು ಮಲಗುತ್ತಿದ್ದಳು.

ನಡಿಗೆಯ ದಿನ ಅದನ್ನು ಏರ್ಪಡಿಸಿದವರು ಯಜಮಾನರ ಮೂಲಕ ಅತ್ತಿಗೆಯನ್ನು ಕರೆಸಿ, ಅದೇ ಅಂಗಿ ತೊಡಿಸಿ ವೇದಿಕೆಗೆ ಹತ್ತಿಸಿದರು. ಕಾಯಿಲೆಯನ್ನು ಗೆದ್ದವರು ಎಂದು ಪರಿಚಯಿಸಿದರು. ನಾನು ಬಸ್ ಕಂಡಕ್ಟರ್, ಬಾಯಿ ಜೋರು. ಆದರೆ ಅಷ್ಟು ಜನರ ಎದುರು ನನಗಾಗುತ್ತಿರಲಿಲ್ಲ. ಸದಾ ಮೆಲುದನಿಯ ಅತ್ತಿಗೆ ಮೈಕು ಹಿಡಿದು ಹೇಳಿಯೇ ಬಿಟ್ಟರು.

"ನನಗೆ ಬೇಗ ಗೊತ್ತಾಯ್ತು, ಅದಕ್ಕೇ ಇಲ್ಲಿ ನಿಂತಿದೀನಿ. ಆದ್ರೆ ನನ್ನ ಮಗಳಿಗೆ ಬೇಗ ಗೊತ್ತಾಗೋದು ಬೇಡ. ಅವಳಿಗೆ ಬರ್ಲೇಬಾರ್ದು. ಈ ಅಂಗಿಗೆ ಅಚ್ಚು ಹಾಕಿದ ಚೌಕಟ್ಟನ್ನ ಅವಳೇ ತೊಳೆಯೋದು. ಆ ಕೋಣೆಗೆ ಒಂದು ಕಿಟಕಿ ಹಾಕಿಸ್ಕೊಡಿ."

ಚಪ್ಪಾಳೆಯೋ ಚಪ್ಪಾಳೆ. ನಡಿಗೆ ಏರ್ಪಡಿಸಿದ್ದ ಹೆಂಗಸು ಕಣ್ಣೊರೆಸಿಕೊಂಡು ಅತ್ತಿಗೆಯನ್ನು ತಬ್ಬಿಕೊಂಡರು. ನಿಮಗಾಗಿ ಏನಾದರೂ ಮಾಡೇ ಮಾಡುತ್ತೇವೆ ಎಂದರು. ಅತ್ತಿಗೆ ಅಂದು ಎರಡು ತುತ್ತು ಹೆಚ್ಚಿಗೆ ಉಂಡರು.

ತಿಂಗಳಾದ ಮೇಲೆ ಕಾರ್ಖಾನೆಯ ಅಂಗಳಕ್ಕೆ ಗುಲಾಬಿ ಬಳಿದ ಒಂದು ವ್ಯಾನ್ ಬಂತು. ತೊಳೆಯುವ ಕೋಣೆಯ ಹೆಂಗಸರಿಗೆಲ್ಲ ಉಚಿತ ತಪಾಸಣೆ, ಇನ್ನು ಪ್ರತಿ ವರ್ಷವೂ. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ. ನಾನು ರಜೆ ಹಾಕಿ ಹೋಗಿದ್ದೆ. ನರ್ಸು ಸೊಸೆಯ ವಯಸ್ಸು ಕೇಳಿದಳು, ಮುಟ್ಟು ಕೇಳಿದಳು, ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದಳು. ಇವಳು ಮಾಡುವ ಕೆಲಸವನ್ನೂ ಬರೆದುಕೊಳ್ಳಮ್ಮ ಎಂದೆ. ಫಾರಂ ತಿರುಗಿಸಿ ನೋಡಿ, ಅದಕ್ಕೆ ಜಾಗ ಕೊಟ್ಟಿಲ್ಲ ಎಂದಳು. ತಪಾಸಣೆ ಬೇಡ ಎನ್ನಲು ನಾನೇನು ಮೂರ್ಖಳಲ್ಲ, ಅತ್ತಿಗೆ ಇನ್ನೂ ಉಸಿರಾಡುತ್ತಿರುವುದೇ ಅದರಿಂದ. ಆದರೆ ಕಾಯಿಲೆ ಬರುವುದನ್ನು ಕಾಯಲು ಇಷ್ಟು ಜನ ಇದ್ದಾರೆ, ಬಾರದಂತೆ ತಡೆಯಲು ಒಬ್ಬರೂ ಇಲ್ಲ.

ಕಿಟಕಿಯ ಆಸೆ ಹೋದ ಮೇಲೆ ಅತ್ತಿಗೆ ಆಸ್ಪತ್ರೆಗೆ ಹೋಗುವುದನ್ನೇ ನಿಲ್ಲಿಸಿದರು. ಮಗಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: "ನನಗೆ ಔಷಧಿ ಬೇಡ. ಕಾರ್ಡೂ ಬೇಡ. ನಾಳೆಯಿಂದ ನೀನು ಕೆಲಸಕ್ಕೆ ಹೋಗ್ಬೇಡ."

ಮಗಳು ಜಗಳವಾಡಲಿಲ್ಲ. ಎರಡು ದಿನ ಅನ್ನ ನೀರು ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿದಳು. ಮೂರನೆಯ ದಿನ ಬೆಳಿಗ್ಗೆ ಅತ್ತಿಗೆಯೇ ಎದ್ದು ಆಸ್ಪತ್ರೆಯ ಚೀಟಿ ಹುಡುಕಿದರು.

ನಾನೂ ಸುಮ್ಮನೆ ಕೂತಿಲ್ಲ. ನನ್ನ ಬಸ್ಸಿನ ಕೆಲಸದ ಕಾರ್ಡು ಅತ್ತಿಗೆಗೆ ಸಲ್ಲುವುದಿಲ್ಲ. ಸೊಸೆಗೆ ಬೇರೆ ಕಡೆ ಕೆಲಸ ಸಿಕ್ಕರೂ ಹೊಸ ಕಾರ್ಡು ಹಳೆಯ ಕಾಯಿಲೆಗೆ ಆಗುವುದಿಲ್ಲ. ಎರಡನ್ನೂ ಕೇಳಿ ಬಂದಿದ್ದೇನೆ.

ಹೋದ ವಾರ ಅತ್ತಿಗೆಯ ರಿಪೋರ್ಟು ಬಂತು. ಕಾಯಿಲೆ ಹತೋಟಿಯಲ್ಲಿದೆ, ಹೀಗೇ ಔಷಧಿ ನಡೆದರೆ ಇನ್ನೂ ಹತ್ತು ವರ್ಷಕ್ಕೆ ಯೋಚನೆಯಿಲ್ಲ ಎಂದರಂತೆ. ಸೊಸೆ ಕುಣಿಯುತ್ತಾ ಬಂದು ನನಗೆ ಹೇಳಿದಳು. ಹತ್ತು ವರ್ಷ ಎಂದರೆ ಅವಳೂ ಹತ್ತು ವರ್ಷ ಆ ಕೋಣೆಯಲ್ಲಿ. ಒಳಗೆ ಅತ್ತಿಗೆ ಆ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದರು. ನೂರು ವರ್ಷ ಬಾಳಿ ಅತ್ತಿಗೆ ಎನ್ನಬೇಕಿತ್ತು ನಾನು. ಬಾಯಿ ಬರಲಿಲ್ಲ.